ಹೋಗಿ ಬರುವ ಲೆಕ್ಕದಲ್ಲಿ ದೊಡ್ಡವರೂ ಎಡವಿದ್ದರು

ಒಂದು ಹಳೇ ಕಾರು. ಒಂದು ಮೈಲಿ ಗುಡ್ಡ ಹತ್ತಬೇಕು, ಒಂದು ಮೈಲಿ ಇಳಿಯಬೇಕು. ಹತ್ತುವಾಗ ಗಂಟೆಗೆ 15 ಮೈಲಿಗಿಂತ ಜಾಸ್ತಿ ಓಡುವುದಿಲ್ಲ. ಒಟ್ಟು ಸರಾಸರಿ 30 ಬರಬೇಕಾದರೆ ಇಳಿಯುವಾಗ ಎಷ್ಟು ವೇಗ ಬೇಕು?

45 ಅಂದಿರಾ? ಬೇಜಾರು ಬೇಡ. 1934ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಈ ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕಳಿಸಿದ್ದು ಸಾಕ್ಷಾತ್ ಐನ್‌ಸ್ಟೈನ್‌ಗೆ! ಇಬ್ಬರೂ ಜರ್ಮನಿ ಬಿಟ್ಟು ಅಮೆರಿಕ ಸೇರಿದ್ದ ಹೊಸತು. ಲೆಕ್ಕ ಹಾಕುವ ತನಕ, ಇಳಿಯಲು ಸಮಯವೇ ಉಳಿದಿಲ್ಲ ಎಂಬುದು ತಮಗೂ ಹೊಳೆಯಲಿಲ್ಲ ಎಂದು ಅವರು ಉತ್ತರಿಸಿದರು. 30ರ ವೇಗದಲ್ಲಿ ಎರಡು ಮೈಲಿಗೆ 4 ನಿಮಿಷ. ಆ ನಾಲ್ಕನ್ನೂ ಏರು ದಾರಿಯೇ ನುಂಗಿರುತ್ತದೆ.

ನಮ್ಮಂಥ ಬ್ಯಾಂಕಿನವರಿಗೆ ಈ ತತ್ವ ಹೊಸದಲ್ಲ. ಖಾತೆಯಲ್ಲಿ 10 ದಿನ 3,000, 20 ದಿನ 9,000 ರೂಪಾಯಿ ಇದ್ದರೆ ಸರಾಸರಿ ಶಿಲ್ಕು 6,000 ಅಲ್ಲ, 7,000. ಎಷ್ಟು ದಿನ ಇತ್ತು ಎಂಬುದೇ ತೂಕ. ವೇಗಕ್ಕೂ ಅಷ್ಟೇ, ನಿಧಾನದ ದಾರಿ ಹೆಚ್ಚು ಹೊತ್ತು ತಿನ್ನುತ್ತದೆ.

ಐನ್‌ಸ್ಟೈನ್‌ಗೆ ಇದು ಬರೀ ತಮಾಷೆಯಾಯಿತು. ಅದಕ್ಕೂ ಅರ್ಧ ಶತಮಾನ ಮೊದಲು ಇಂಥದೇ ಲೆಕ್ಕ ಒಂದು ದೊಡ್ಡ ಪ್ರಯೋಗವನ್ನು ಕೆಡಿಸಿತ್ತು. ಬೆಳಕು 'ಈಥರ್' ಎಂಬ ಮಾಧ್ಯಮದಲ್ಲಿ ಹರಿಯುತ್ತದೆ ಎಂದು ಆಗ ನಂಬಿದ್ದರು. ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತುವಾಗ ನಮಗೆ ಈಥರ್ ಗಾಳಿ ಬೀಸಬೇಕಲ್ಲವೇ? ಅದನ್ನು ಅಳೆಯಲು ಆಲ್ಬರ್ಟ್ ಮೈಕೆಲ್ಸನ್ 1881ರಲ್ಲಿ ಬರ್ಲಿನ್ ಹತ್ತಿರದ ಪಾಟ್ಸ್‌ಡ್ಯಾಮ್‌ನಲ್ಲಿ ಒಂದು ಕಿರಣವನ್ನು ಎರಡಾಗಿ ಸೀಳಿದರು. ಒಂದು ಗಾಳಿಯ ದಿಕ್ಕಿನಲ್ಲಿ ಹೋಗಿ ಬರಬೇಕು, ಇನ್ನೊಂದು ಅಡ್ಡಲಾಗಿ.

ಹೊಳೆಯ ಉದಾಹರಣೆ ನೋಡಿ. ಈಜುಗಾರನ ವೇಗ ನಿಮಿಷಕ್ಕೆ 50 ಮೀಟರ್, ಸೆಳೆತ 30. ಸೆಳೆತದ ಜೊತೆ 400 ಮೀಟರ್‌ಗೆ 5 ನಿಮಿಷ, ಎದುರಾಗಿ ವಾಪಸು ಬರಲು 20. ಸರಾಸರಿ 32, ಐವತ್ತಲ್ಲ! ಅಷ್ಟೇ ಅಗಲದ ಹೊಳೆಯನ್ನು ನೇರ ದಾಟಿ ಬರುವವನೂ ಸೆಳೆತಕ್ಕೆ ಓರೆಯಾಗಿ ಈಜಬೇಕು. ಅವನಿಗೆ ಸಿಗುವುದು 40. ಮೈಕೆಲ್ಸನ್ ಮೊದಲನೆಯದನ್ನು ಸರಿಯಾಗಿ ಹಿಡಿದರು, ಅಡ್ಡ ಹೋಗುವ ಬೆಳಕಿಗೆ ಮಾತ್ರ ಪೂರ್ತಿ ವೇಗ ಕೊಟ್ಟುಬಿಟ್ಟರು. ಪ್ಯಾರಿಸ್‌ನ ಆಲ್ಫ್ರೆಡ್ ಪೊಟಿಯೆ ಈ ತಪ್ಪು ತೋರಿಸಿದರು, 1886ರಲ್ಲಿ ಲೊರೆಂಟ್ಸ್ ಕೂಡ. ಸರಿಪಡಿಸಿದಾಗ ಕಾಣಬೇಕಿದ್ದ ವ್ಯತ್ಯಾಸ ಅರ್ಧಕ್ಕಿಳಿಯಿತು. ಅಷ್ಟು ಸಣ್ಣದನ್ನು ಆ ಉಪಕರಣ ನಂಬಿಕೆಯಿಂದ ಅಳೆಯುವಂತಿರಲಿಲ್ಲ. ಮತ್ತೆ ಮೊದಲಿಂದ!

1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಡ್ವರ್ಡ್ ಮೋರ್ಲಿ ಜೊತೆಗೂಡಿ, ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿಯಲ್ಲಿ ಕನ್ನಡಿಗಳನ್ನಿಟ್ಟು ಬೆಳಕಿನ ದಾರಿಯನ್ನು 11 ಮೀಟರ್‌ಗೆ ಹಿಗ್ಗಿಸಿದರು. ಬೆಳಕಿನ ಪಟ್ಟೆಗಳು 0.4 ಪಟ್ಟೆಯಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಈ ಸಲ ಲೆಕ್ಕ ಸರಿಯಿತ್ತು, ಗಾಳಿಯೇ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರ್ ಬೇಕಾಗಿಯೇ ಇಲ್ಲ ಎಂದು ಬರೆದರು.