ಕಾರವಾರ–ಅಂಕೋಲೆ ಸೀಮೆಯ ಕಾವಿ ಭಿತ್ತಿಚಿತ್ರಗಳು

ಭಿತ್ತಿಚಿತ್ರವೆಂದೊಡನೆ ನಮ್ಮ ವಿದ್ಯಾರ್ಥಿಗಳು ಅಜಂತೆಯನ್ನೋ ಲೇಪಾಕ್ಷಿಯನ್ನೋ ನೆನೆಯುವುದು ವಾಡಿಕೆ. ತಮ್ಮ ಊರಿನ ಗೋಡೆಗಳು ಅವರ ಗಮನಕ್ಕೆ ಬರುವುದು ಅಪರೂಪ. ಗೋವೆಯಿಂದ ದಕ್ಷಿಣಕ್ಕೆ ಕಾರವಾರ, ಅಂಕೋಲೆ, ಕುಮಟೆಗಳ ತೀರದಲ್ಲಿ ಹಬ್ಬಿದ ಕಾವಿಕಲೆಯು ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಾಲಯದಲ್ಲಿಯೂ, ಘಟ್ಟದ ಮೇಲೆ ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿಯೂ ಗೋಡೆಗಳಿಗೆ ಶೋಭೆ ತಂದಿತು. ದೇವತೆಗಳು, ಪುರಾಣಪ್ರಸಂಗಗಳು, ಹೂಬಳ್ಳಿಗಳು ಇದರ ವಸ್ತು. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು (1934–2002) ಈ ಚಿತ್ರಗಳನ್ನು ಛಾಯಾಚಿತ್ರಗಳಲ್ಲಿ ಸಂಗ್ರಹಿಸಿ ಮಹದುಪಕಾರ ಮಾಡಿದ್ದಾರೆ.

ಇದರ ವಿಧಾನವು ಗಮನಾರ್ಹವಾದುದು. ಕಡಲ ಚಿಪ್ಪುಗಳನ್ನು ಸುಟ್ಟು ಪಡೆದ ಸುಣ್ಣಕ್ಕೆ ಮರಳನ್ನೂ ಬೆಲ್ಲವನ್ನೂ ಕೂಡಿಸಿ, ಕೊಳೆಯಿಸಿ, ಕುಟ್ಟಿ ಹದಗೊಳಿಸಿದ ಗಾರೆಯನ್ನು ಗೋಡೆಗೆ ಮೆತ್ತುವರು. ಅದು ಹಸಿಯಾಗಿರುವಾಗಲೇ ಕೆಮ್ಮಣ್ಣಿನಿಂದ ತೆಗೆದ ಕಾವಿಯ ತೆಳುಪದರವನ್ನು ಬಳಿದು, ಲೋಹದ ಮೊನೆಯಿಂದ ರೇಖೆಗಳನ್ನು ಕೊರೆದು, ಬೇಡವಾದೆಡೆ ಕೆಂಪನ್ನು ಕೆರೆದರೆ ಅಡಿಯ ಬಿಳುಪು ಹೊರಬೀಳುವುದು. ಹೀಗೆ ಚಿತ್ರವೂ ಗಾರೆಯೂ ಒಂದೇ ಆಗಿ ಗಟ್ಟಿಯಾಗುವುದರಿಂದಲೇ ಕರಾವಳಿಯ ಮಳೆಯನ್ನು ಅದು ತಾಳಿಕೊಂಡಿತು. ಆದರೆ ಗಾರೆ ಹೋದರೆ ಚಿತ್ರವೂ ಹೋಗುವುದು.

ಈ ಮಾತಿನ ಗುರುತ್ವವನ್ನು ತಿಳಿಯಲು ದೂರದೇಶದ ಒಂದು ನಿದರ್ಶನವನ್ನು ನೋಡಬಹುದು. ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸಾಂಟಿಯಾಗೋದಲ್ಲಿ 1971ರಲ್ಲಿ ರೊಬೆರ್ತೊ ಮಾತಾ ಎಂಬ ಕಲಾವಿದನು, ಬೀದಿಗೋಡೆಗಳಲ್ಲಿ ಚಿತ್ರ ಬರೆಯುತ್ತಿದ್ದ ರಮೋನಾ ಪಾರ್ರಾ ಎಂಬ ಹೆಸರಿನ ಯುವಕರ ದಳದೊಡನೆ, ದೊಡ್ಡದೊಂದು ಭಿತ್ತಿಚಿತ್ರವನ್ನು ರಚಿಸಿದನು. 1973ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡ ತರುವಾಯ ಅದರ ಮೇಲೆ ಬಣ್ಣ ಬಳಿದು ಮುಚ್ಚಲಾಯಿತು. ಮೂರು ದಶಕಗಳು ಕಳೆದ ಮೇಲೆ ತಜ್ಞರು ಆ ಪದರಗಳನ್ನು ಬಿಡಿಸಿ ಚಿತ್ರವನ್ನು ಮರಳಿ ಪಡೆದರು.

ಅಲ್ಲಿ ದ್ವೇಷದಿಂದ ಮುಚ್ಚಿದುದು ಉಳಿಯಿತು; ನಮ್ಮಲ್ಲಿ ಭಕ್ತಿಯಿಂದ ಕೈಕೊಂಡ ಜೀರ್ಣೋದ್ಧಾರವೇ ಚಿತ್ರಕ್ಕೆ ಮುಳುವಾಗುತ್ತದೆ. ಹಳೆಯ ಗಾರೆಯನ್ನು ಕೆತ್ತಿ ಸಿಮೆಂಟನ್ನೋ ನುಣುಪಾದ ಕಲ್ಲನ್ನೋ ಹಾಕಿದ ಗೋಡೆಯಿಂದ ಯಾವ ತಜ್ಞನೂ ಏನನ್ನೂ ಮರಳಿ ತರಲಾರನು. ಲಿಖಿತ ದಾಖಲೆಗಳು ವಿರಳವಾಗಿರುವ ಗ್ರಾಮದೇವಾಲಯಗಳಲ್ಲಿ ಆ ಗೋಡೆಯೇ ಜನರ ಉಡುಗೆ, ವಾದ್ಯ, ವಾಹನಗಳ ಆಧಾರಗ್ರಂಥವೆಂಬುದನ್ನು ಇತಿಹಾಸದ ಅಭ್ಯಾಸಿಗಳು ಮರೆಯಬಾರದು.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೊದಲು ಮಾಡಬೇಕಾದ ಕೆಲಸವಿಷ್ಟು: ಕಾವಿಚಿತ್ರವುಳ್ಳ ದೇವಾಲಯಗಳನ್ನೂ ಹಳೆಯ ಮನೆಗಳನ್ನೂ ಪಟ್ಟಿ ಮಾಡಿ, ಪ್ರತಿ ಗೋಡೆಯ ಛಾಯಾಚಿತ್ರವನ್ನೂ ಅಳತೆಯನ್ನೂ ತೆಗೆದಿಡುವುದು, ದುರಸ್ತಿಯ ಮಾತು ಬಂದಾಗ, ಗಾರೆಗೆ ಉಳಿ ತಗಲುವ ಮುನ್ನವೇ, ಆಡಳಿತ ಮಂಡಳಿಯವರನ್ನು ಕಂಡು ವಿನಯದಿಂದ ತಿಳಿಯಹೇಳುವುದು.