ಹಲಗೆಗೆ ಕಾಲು ಕಟ್ಟಿದ ಕಥೆ



ಹಿಮದ ಇಳಿಜಾರಿನಲ್ಲಿ ಒಂದೇ ಹಲಗೆಯ ಮೇಲೆ ಅಡ್ಡಲಾಗಿ ನಿಂತು ಜಾರಿ ಬರುವ ತರುಣರನ್ನು ನೀವು ದೂರದರ್ಶನದ ತೆರೆಯ ಮೇಲೆ ಕಂಡಿರುತ್ತೀರಿ. ಅವರು ಗಾಳಿಯಲ್ಲಿ ಎರಡು ಸುತ್ತು ಸುತ್ತಿ ನೆಲಕ್ಕಿಳಿಯುತ್ತಾರೆ. ಹಲಗೆ ಕಾಲು ಬಿಟ್ಟು ಹೋಗುವುದಿಲ್ಲ. ನಮ್ಮ ಕಣ್ಣೆಲ್ಲ ಆ ಹಾರಾಟದ ಮೇಲಿರುತ್ತದೆ, ಪಾದವನ್ನು ಹಿಡಿದಿರುವ ಪಟ್ಟಿಯ ಕಡೆ ಹೋಗುವುದೇ ಇಲ್ಲ. ಆದರೆ ಸ್ನೋಬೋರ್ಡಿನ ಚರಿತ್ರೆ ಬಹುಪಾಲು ಆ ಪಟ್ಟಿಯ ಚರಿತ್ರೆಯೇ ಆಗಿದೆ.

1965ರ ಕ್ರಿಸ್‌ಮಸ್ ದಿನ. ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಷರ್ಮನ್ ಪಾಪೆನ್ ಎಂಬ ಎಂಜಿನಿಯರ್ ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಎರಡು ಸ್ಕೀ ಹಲಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಜೋಡಿಸಿದರು. ಹಿಮ ಮತ್ತು ಅಲೆಸವಾರಿ ಎರಡರ ಇಂಗ್ಲಿಷ್ ಪದಗಳನ್ನೂ ಬೆಸೆದು ಅವರ ಪತ್ನಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟರು. ಮರುವರ್ಷವೇ ಅದು ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಅದರಲ್ಲಿ ಕಾಲಿಗೆ ಕಟ್ಟೇ ಇರಲಿಲ್ಲ. ಮೂತಿಗೆ ಒಂದು ಹಗ್ಗ. ಅದನ್ನು ಕೈಯಲ್ಲಿ ಹಿಡಿದು ನಿಂತರಾಯಿತು.

ಇಂಥದೊಂದು ಸ್ನರ್ಫರ್ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬ ಹುಡುಗನ ಕೈ ಸೇರಿತು. ಆತ ಬೆಳೆದು, ನ್ಯೂಯಾರ್ಕಿನ ನೌಕರಿ ಬಿಟ್ಟು, 1977ರಲ್ಲಿ ವರ್ಮಾಂಟ್ ರಾಜ್ಯದ ಲಂಡನ್‌ಡೆರಿ ಎಂಬಲ್ಲಿ ಹಲಗೆ ಮಾಡಲು ಕುಳಿತರು. ಮಾರಲು ಯೋಗ್ಯವಾದುದು ಸಿಗುವ ಮುನ್ನ ಸುಮಾರು 100 ಮಾದರಿಗಳನ್ನು ಮಾಡಿದರಂತೆ. ಪರೀಕ್ಷೆಗೆ ಪ್ರಯೋಗಶಾಲೆ ಎಲ್ಲಿಯದು? ಹಲಗೆ ಹೊತ್ತು ಗುಡ್ಡ ಹತ್ತುವುದು, ಜಾರುವುದು, ಬೀಳುವುದು, ಮತ್ತೆ ಬಂದು ಉಳಿ ಹಿಡಿಯುವುದು.

1979ರಲ್ಲಿ ಮಿಷಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಬರ್ಟನ್ ತಮ್ಮದೇ ಹಲಗೆ ತಂದರು. ಅದಕ್ಕೆ ಪಾದ ಕಟ್ಟುವ ಪಟ್ಟಿಯಿತ್ತು. ಕೂಡಲೇ ತಕರಾರು ಎದ್ದಿತು. ಕಾಲು ಕಟ್ಟಿಕೊಂಡರೆ ಅದು ಅದೇ ಆಟವೇ? ಕೊನೆಗೆ ಅವರಿಗಾಗಿ ಬೇರೆ ವಿಭಾಗವೊಂದನ್ನು ತೆರೆಯಬೇಕಾಯಿತು. ಅದರಲ್ಲಿ ಅವರು ಗೆದ್ದರು. ತಕರಾರು ಎತ್ತಿದವರು ಅಸೂಯೆಯಿಂದ ಮಾತಾಡಿದರೆಂದು ನನಗೆ ಅನಿಸುವುದಿಲ್ಲ. ಅವರ ಮಾತು ನಿಜವೇ ಆಗಿತ್ತು. ಅಂದು ಅಲ್ಲಿ ಹುಟ್ಟಿದ್ದು ಬೇರೆಯೇ ಆಟ.

ಕಟ್ಟು ಏಕೆ ಬೇಕು? ಸ್ನೋಬೋರ್ಡ್ ತಿರುಗುವುದು ಅಂಚಿನ ಮೇಲೆ. ಬೆರಳ ಕಡೆ ಭಾರ ಹಾಕಿದರೆ ಒಂದು ಅಂಚು ಹಿಮವನ್ನು ಕಚ್ಚುತ್ತದೆ, ಹಿಮ್ಮಡಿಯ ಕಡೆ ಹಾಕಿದರೆ ಇನ್ನೊಂದು. ಬರಿದೇ ನಿಂತ ಪಾದ ಗಟ್ಟಿ ಹಿಮದ ಮೇಲೆ ಹಲಗೆಯನ್ನು ಹೀಗೆ ವಾಲಿಸಲಾರದು. ಬರಿಯ ಪಟ್ಟಿಯಿದ್ದರೂ ಹಿಮ್ಮಡಿಯ ಕಡೆಯ ತಿರುವು ಕಷ್ಟವೇ, ಏಕೆಂದರೆ ಮೀನಖಂಡಕ್ಕೆ ಒರಗಲು ಏನೂ ಇಲ್ಲ. 80ರ ದಶಕದ ಆರಂಭದಲ್ಲಿ ಜೆಫ್ ಗ್ರೆಲ್ ಎಂಬುವರು ಬೈಂಡಿಂಗಿನ ಹಿಂದೆ ಎತ್ತರದ ಒರಗು ನಿಲ್ಲಿಸಿದರು. ಕುರ್ಚಿಗೆ ಬೆನ್ನಿದ್ದಂತೆ, ಅಷ್ಟೆ. ಆದರೆ ಆ ಬೆನ್ನಿಲ್ಲದಿದ್ದರೆ ಗಟ್ಟಿ ಹಿಮದ ಇಳಿಜಾರುಗಳು ಈ ಆಟಕ್ಕೆ ಸುಲಭವಾಗಿ ಒಲಿಯುತ್ತಿರಲಿಲ್ಲ.

ಆ ಇಳಿಜಾರುಗಳೇ ಸ್ಕೀ ಕೇಂದ್ರಗಳು. ಅವುಗಳಲ್ಲಿ ಹೆಚ್ಚಿನವು ಹಲಗೆಯವರನ್ನು ಬಾಗಿಲಲ್ಲೇ ತಡೆದಿದ್ದವು. 1983ರಲ್ಲಿ ವರ್ಮಾಂಟಿನ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆಯಿತು. ಆ ದಿನಗಳಲ್ಲಿ ಕೆಲವೆಡೆ ಹಲಗೆಯನ್ನು ಹತೋಟಿಯಲ್ಲಿಡಬಲ್ಲೆನೆಂದು ಪರೀಕ್ಷೆ ಕೊಟ್ಟು ಚೀಟಿ ಪಡೆದವರಿಗಷ್ಟೇ ಪ್ರವೇಶ. ಅದೇ ವರ್ಷ ಕ್ಯಾಲಿಫೋರ್ನಿಯದ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಟಾಮ್ ಸಿಮ್ಸ್ ಏರ್ಪಡಿಸಿದ ಸ್ಪರ್ಧೆಯಲ್ಲಿ, ಸೀಳಿದ ಕೊಳವೆಯಂಥ ಹಿಮದ ಕಾಲುವೆಯಲ್ಲಿ ಹಾರುವ ‘ಹಾಫ್‌ಪೈಪ್’ ಸೇರಿತು. ಬೇಗ ಇಳಿಯುವುದಲ್ಲ, ಚೆನ್ನಾಗಿ ಹಾರುವುದು ಇಲ್ಲಿ ಮುಖ್ಯ. ಇದೇ ಫ್ರೀಸ್ಟೈಲ್. ಹಾರಿದವನು ಹಿಂದುಮುಂದಾಗಿಯೂ ಇಳಿಯಬೇಕಾದ್ದರಿಂದ ಹಲಗೆಯ ಹಿಂತುದಿಯೂ ಮುಂತುದಿಯಂತೆ ಉರುಟಾಗಿ ಮೇಲಕ್ಕೆ ಬಾಗಿತು.

ಇನ್ನು ಹೊಂದಾಣಿಕೆಯ ಮಾತು. ಮೊದಲ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಬಹುದು. ಕಾಲುಚೀಲ ತೊಟ್ಟು ನುಣುಪಾದ ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ಜಾರಿ ನೋಡಿ (ಅಮ್ಮ ನೆಲ ಒರೆಸುವ ಹೊತ್ತಿನಲ್ಲಿ ಬೇಡ). ತಾನಾಗಿ ಮುಂದೆ ಬರುವ ಕಾಲೇ ಹಲಗೆಯಲ್ಲೂ ಮುಂದಿನ ಕಾಲು. ಎಡಗಾಲು ಮುಂದಿದ್ದರೆ ‘ರೆಗ್ಯುಲರ್’, ಬಲಗಾಲಾದರೆ ‘ಗೂಫಿ’.

ಎರಡು ಕಾಲುಗಳ ಅಂತರ ಹೆಚ್ಚುಕಡಿಮೆ ಭುಜದ ಅಗಲ, ಇಲ್ಲವೇ ಅದಕ್ಕಿಂತ ಸ್ವಲ್ಪ ಹೆಚ್ಚು. ಬೈಂಡಿಂಗಿನ ನಡುವೆ ಅಂಶಗಳ ಗೆರೆ ಕೊರೆದ ದುಂಡು ಬಿಲ್ಲೆಯೊಂದಿದ್ದು, ಅದರ ತಿರುಪುಗಳನ್ನು ಸಡಿಲಿಸಿ ಪಾದದ ಕೋನ ಬದಲಿಸಬಹುದು. ವೇಗದ ಓಟಗಾರರು ಎರಡೂ ಪಾದಗಳನ್ನು ಮುಂದಕ್ಕೆ ತಿರುಗಿಸುತ್ತಾರೆ. ಫ್ರೀಸ್ಟೈಲಿನವರು ಬಾತುಕೋಳಿಯ ಪಾದದಂತೆ ಮುಂದಿನದನ್ನು ಸುಮಾರು 15 ಅಂಶ ಮುಂದಕ್ಕೂ, ಹಿಂದಿನದನ್ನು ಅಷ್ಟೇ ಹಿಂದಕ್ಕೂ ಹೊರಳಿಸುವುದುಂಟು. ಹೀಗಿದ್ದರೆ ಯಾವ ದಿಕ್ಕಿಗೆ ಜಾರಿದರೂ ನಿಲುವು ಒಂದೇ. ಆದರೆ ಪುಸ್ತಕದ ಅಂಶಗಳಿಗಿಂತ ಮೊಣಕಾಲು ದೊಡ್ಡದು. ಬಗ್ಗಿದಾಗ ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು. ಒಳಕ್ಕೆ ತಿರುಚಿದರೆ ಕೋನ ತಪ್ಪಾಗಿದೆಯೆಂದೇ ಅರ್ಥ. ಬಾಡಿಗೆ ಸೈಕಲ್ಲಿನ ಸೀಟು ಸರಿಪಡಿಸಿಕೊಳ್ಳದೆ ದಿನವಿಡೀ ತುಳಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಬೂಟು ಹಲಗೆಯ ಎರಡೂ ಅಂಚುಗಳಿಂದ ಸಮನಾಗಿ ಚಾಚಿರಬೇಕು. ಒಂದು ಕಡೆ ಹೆಚ್ಚಾದರೆ ತಿರುವಿನಲ್ಲಿ ಬೂಟೇ ಹಿಮಕ್ಕೆ ತಗುಲಿ ಕೆಡವುತ್ತದೆ. ಬಲ್ಲವರು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸುಲಭದ ಇಳಿಜಾರಿನಲ್ಲಿ ಜಾರಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಮೊದಲ ಒಂದೆರಡು ಇಳಿತಗಳ ನಂತರ ತಿರುಪುಗಳನ್ನು ಮತ್ತೊಮ್ಮೆ ಬಿಗಿಯುತ್ತಾರೆ.

ಈ ಎಚ್ಚರ ಸುಮ್ಮನಲ್ಲ. ಸ್ಕೀಯ ಕಟ್ಟು ಬಿದ್ದಾಗ ತಾನೇ ಬಿಚ್ಚಿಕೊಳ್ಳುತ್ತದೆ. ನಾರ್ವೆ ಮೂಲದ ಹ್ಯಾಲ್ಮರ್ ಹ್ವಾಮ್ ಕಾಲು ಮುರಿದುಕೊಂಡ ಮೇಲೆ 30ರ ದಶಕದ ಕೊನೆಯಲ್ಲಿ ಅಂಥದನ್ನು ರೂಪಿಸಿದ್ದರು. ಸ್ನೋಬೋರ್ಡಿನ ಕಟ್ಟು ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂದೇ ಹಲಗೆಯಲ್ಲಿ ಒಂದು ಪಾದ ಬಿಡುಗಡೆಯಾಗಿ ಇನ್ನೊಂದು ಸಿಕ್ಕಿಕೊಂಡರೆ ಆ ಕಾಲು ತಿರುಚಿಹೋದೀತು. ಆದ್ದರಿಂದ ತಪ್ಪು ಹೊಂದಾಣಿಕೆಯ ಬೆಲೆಯನ್ನು ತೆರುವುದು ಮೊಣಕಾಲು, ಕಣಕಾಲುಗಳೇ.

1998ರಲ್ಲಿ ಜಪಾನಿನ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಗೆ ಮೊದಲ ಪದಕಗಳು ದೊರೆತವು. ಬರ್ಟನ್ 2019ರಲ್ಲಿ ತೀರಿಕೊಂಡರು. ಅವರ ಕಂಪನಿ ಬಗೆಬಗೆಯ ಬೈಂಡಿಂಗುಗಳ ನಡುವೆ ‘ಥ್ರೋಬ್ಯಾಕ್’ ಎಂಬ ಮಕ್ಕಳಾಟದ ಹಲಗೆಯನ್ನೂ ಮಾರಿತು. ಅದಕ್ಕೆ ಪಟ್ಟಿಯಿಲ್ಲ; ಮೂತಿಯಲ್ಲಿ ಒಂದು ಹಗ್ಗವಿದೆ.