ತೋಟದ ದಾರಿಯಲ್ಲಿ ಬಳಸುವ ವಾಹನಗಳಿಗೆ ತಳರಕ್ಷಣಾ ಫಲಕ ಹಾಗೂ ಎಳೆಕೊಂಡಿಗಳ ಅಳವಡಿಕೆ: ಸಾರ್ವಜನಿಕರ ಮಾಹಿತಿಗಾಗಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಿಗೆ ಹೋಗಿಬರಲು ಜೀಪು ಮಾದರಿಯ ನಾಲ್ಕು ಚಕ್ರ ಚಾಲನೆಯ ವಾಹನಗಳೂ ಬಳಕೆಯಲ್ಲಿರುತ್ತವೆ. ಬದು, ಹುದುಗಿದ ಕಲ್ಲು ಹಾಗೂ ಕಡಿದ ಮರದ ಮೋಟುಗಳಿಂದ ಇವುಗಳ ತಳಭಾಗಕ್ಕೆ ಪೆಟ್ಟು ಬೀಳುವುದುಂಟು. ಮಳೆಗಾಲದಲ್ಲಿ ಕೆರೆಯಂಗಳದ ಜೇಡಿಮಣ್ಣಿನಲ್ಲಿ ಚಕ್ರ ಹೂತುಕೊಳ್ಳುವುದೂ ಉಂಟು. ಸದರಿ ವಾಹನಗಳ ಮಾಲೀಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ತಳರಕ್ಷಣಾ ಫಲಕ

ಇಂಜಿನ್‌ನ ಆಯಿಲ್ ಸಂಪ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಹಾಗೂ ಇಂಧನ ಟ್ಯಾಂಕ್‌ಗಳಿಗೆ ರಕ್ಷಣೆ ಅವಶ್ಯಕ. ಒಂದು ಚದರ ಮೀಟರ್ ವಿಸ್ತೀರ್ಣದ 4 ಮಿ.ಮೀ. ದಪ್ಪದ ಉಕ್ಕಿನ ಫಲಕವು ಸುಮಾರು 31 ಕಿಲೋಗ್ರಾಂ ತೂಗುತ್ತದೆ. 6 ಮಿ.ಮೀ. ಅಲ್ಯೂಮಿನಿಯಂ ಫಲಕವಾದರೆ ಸುಮಾರು 16 ಕಿಲೋಗ್ರಾಂ. ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಹೆಚ್ಚುವರಿ ತೂಕವನ್ನು ಮುಂಭಾಗದ ಸ್ಪ್ರಿಂಗ್‌ಗಳೇ ಹೊರಬೇಕಾಗುತ್ತದೆ. ಫಲಕವನ್ನು ಚಾಸಿಗೆ ಬೋಲ್ಟ್ ಮೂಲಕವೇ ಜೋಡಿಸತಕ್ಕದ್ದು. ಸಂಪ್‌ಗೆ ತಾಗಿಕೊಂಡಂತೆ ಜೋಡಿಸಿದಲ್ಲಿ ಪೆಟ್ಟು ನೇರವಾಗಿ ಸಂಪ್‌ಗೇ ತಲುಪುವುದರಿಂದ ನಡುವೆ ಅಂತರವಿರಬೇಕು. ಆಯಿಲ್ ಬದಲಾಯಿಸಲು, ನೀರು ಹರಿದುಹೋಗಲು ಮತ್ತು ಗಾಳಿ ಆಡಲು ರಂಧ್ರಗಳನ್ನು ಬಿಡತಕ್ಕದ್ದು.

ಈ ಭಾಗದ ತೋಟಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಬೆಂಕಿಯ ಅಪಾಯ. ಒಣಗಿದ ಗರಿ, ನಾರು, ಹುಲ್ಲು ಫಲಕದ ಮೇಲೆ ಸೇರಿಕೊಂಡು ಸೈಲೆನ್ಸರ್ ಕೊಳವೆಗೆ ತಾಗಬಹುದು. 2020ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಶೋಧಕವು ತನ್ನೊಳಗಿನ ಮಸಿಯನ್ನು ಸುಡುವಾಗ ಆ ಭಾಗದ ಉಷ್ಣತೆ 550 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತೋಟದಿಂದ ಹಿಂದಿರುಗಿದ ಕೂಡಲೇ ತಳಭಾಗವನ್ನು ಪರಿಶೀಲಿಸುವುದು ಅಗತ್ಯ.

ಎಳೆಕೊಂಡಿಗಳು

ಲಾರಿಯ ಮೇಲೆ ಸಾಗಿಸುವಾಗ ವಾಹನವನ್ನು ಬಿಗಿಯಲು ಕಾರ್ಖಾನೆಯಿಂದ ನೀಡಿರುವ ಸಣ್ಣ ಬಳೆಗಳು ಕೆಸರಿನಿಂದ ಎಳೆಯಲು ಯೋಗ್ಯವಲ್ಲ. ಬಂಪರ್, ಸ್ಟಿಯರಿಂಗ್ ರಾಡ್ ಹಾಗೂ ಟ್ರೈಲರ್ ಜೋಡಿಸುವ ಗುಂಡು ಸಹ ಯೋಗ್ಯವಲ್ಲ. ಸದರಿ ಗುಂಡು ಮುರಿದಲ್ಲಿ ಫಿರಂಗಿಯ ಗುಂಡಿನಂತೆ ಚಿಮ್ಮಿ ಪ್ರಾಣಹಾನಿ ಉಂಟುಮಾಡಬಲ್ಲದು. ಚಾಸಿಯ ಎಡ ಮತ್ತು ಬಲ ತೊಲೆಗಳೆರಡಕ್ಕೂ, ಭಾರಸಾಮರ್ಥ್ಯ ನಮೂದಿಸಿದ ಕೊಂಡಿಗಳನ್ನು ತಯಾರಕರು ಸೂಚಿಸಿದ ದರ್ಜೆಯ ಬೋಲ್ಟ್‌ಗಳಿಂದ ಅಳವಡಿಸತಕ್ಕದ್ದು. ಚಾಸಿಗೆ ವೆಲ್ಡಿಂಗ್ ಮಾಡಿಸಬಾರದು. ಚಕ್ರದ ಗುಂಬದವರೆಗೆ ಹೂತ ವಾಹನವನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕಾಗಬಹುದು. ಜಗ್ಗಿ ಎಳೆದಲ್ಲಿ ಕೊಂಡಿಯ ಮೇಲೆ ಅದಕ್ಕಿಂತ ಬಹಳ ಹೆಚ್ಚಿನ ಬಲ ಬೀಳುತ್ತದೆ. ಸರಪಳಿ ಅಥವಾ ಉಕ್ಕಿನ ಹಗ್ಗದಿಂದ ಜಗ್ಗುವುದು ಅಪಾಯಕರ. ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು.

ತೆಂಗಿನ ಮರಕ್ಕೆ ಕಟ್ಟುವ ಬಗ್ಗೆ

ಹತ್ತಿರದ ತೆಂಗಿನ ಮರಕ್ಕೆ ಸರಪಳಿ ಸುತ್ತಿ ವಿಂಚ್‌ನಿಂದ ಎಳೆಯುವ ಪದ್ಧತಿಯನ್ನು ಕೈಬಿಡುವುದು ಸೂಕ್ತ. ಮಾವು, ಹಲಸಿನಂತೆ ತೆಂಗಿನ ಕಾಂಡದ ಗಾಯ ಹೊಸ ತೊಗಟೆಯಿಂದ ಮುಚ್ಚಿಕೊಳ್ಳುವುದಿಲ್ಲ. ಇಂತಹ ಗಾಯಗಳಲ್ಲಿ ಕೆಂಪು ಮೂತಿ ಹುಳು ಮೊಟ್ಟೆಯಿಡುತ್ತದೆ. ಮರಿಹುಳುಗಳು ಕಾಂಡದ ಒಳಭಾಗವನ್ನು ತಿಂದು ಮರವನ್ನೇ ಕೊಲ್ಲಬಲ್ಲವು. ದಶಕಗಳ ಕಾಲ ಫಸಲು ಕೊಡುವ ಮರವನ್ನು ಒಂದು ದಿನದ ಕೆಲಸಕ್ಕಾಗಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ಗಟ್ಟಿ ನೆಲದ ಮೇಲೆ ನಿಂತ ಟ್ರ್ಯಾಕ್ಟರ್ ಬಳಸುವುದು ಉತ್ತಮ. ಬೇರೆ ದಾರಿಯೇ ಇಲ್ಲದಿದ್ದಲ್ಲಿ ಬಲಿತ ಮರದ ಬುಡಕ್ಕೆ ಮೊದಲು ಗೋಣಿತಾಟು, ಅದರ ಮೇಲೆ ಅಗಲವಾದ ಪಟ್ಟಿ ಸುತ್ತಿ ನಿಧಾನವಾಗಿ ಎಳೆಯತಕ್ಕದ್ದು.

ಕಾನೂನಿನ ಅಂಶ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದನ್ವಯ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ 182ಎ(4) ಪ್ರಕರಣದಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮುಂಭಾಗದ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಎಳೆಕೊಂಡಿಯ ನೆಪದಲ್ಲಿ ಅಂತಹ ಗಾರ್ಡ್ ಹಾಕಿಸಬಾರದು. ತಯಾರಕರೇ ಆ ಮಾದರಿಗೆಂದು ಒದಗಿಸುವ ಬಿಡಿಭಾಗಗಳನ್ನು ಆಯ್ದುಕೊಂಡು, ರಸೀದಿಯನ್ನು ಕಾಯ್ದಿರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಸಂದೇಹವಿದ್ದಲ್ಲಿ ಕೆಲಸ ಮಾಡಿಸುವ ಮುನ್ನವೇ ನೋಂದಣಿ ಪತ್ರದೊಂದಿಗೆ ತಿಪಟೂರಿನ ಸಾರಿಗೆ ಕಚೇರಿಯಲ್ಲಿ (ನೋಂದಣಿ ಸಂಕೇತ ಕೆಎ 44) ವಿಚಾರಿಸಬಹುದು.